ಎಲ್ಲರ ಹೆಸರು ಹೇಳುವವಳು

ಬೆಳ್ಳಾರೆಯ ಪ್ರೀತಿಕಾ ರೈಗೆ ಸಿಟ್ಟು ಬರಿಸಲು ಜಗಳವೇನೂ ಬೇಡ. "ಒಂದು ಸಣ್ಣ ಸ್ವಾಗತ ಮಾಡಿ ಕೊಡ್ಬೇಕಿತ್ತಲ್ಲ" ಎಂದು ಯಾರಾದರೂ ಹಲ್ಲು ಕಿರಿದರೆ ಸಾಕು, ಅವಳ ಮೈಯೆಲ್ಲ ಉರಿಯುತ್ತದೆ. ಹಗಲಿಗೆ ಅವಳು ಪುತ್ತೂರಿನ ಖಾಸಗಿ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್, ಉಳಿದ ಹೊತ್ತಿನಲ್ಲಿ ರ‍್ಯಾಪ್ ಹಾಡುವವಳು. ರ‍್ಯಾಪ್ ಎಂದರೆ ರಾಗದ ಹಂಗಿಲ್ಲದೆ, ತಾಳಕ್ಕೆ ಸರಿಯಾಗಿ, ಮಾತನ್ನೇ ಪದ್ಯವಾಗಿ ಹೇಳುವ ವಿದ್ಯೆ. ಇಷ್ಟು ವಿವರಣೆಯನ್ನು ಅವಳು ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕುಗಳಲ್ಲಿ ಬಾಯಿ ನೋಯುವಷ್ಟು ಕೊಟ್ಟಿದ್ದಾಳೆ. ಕೇಳಿದವರು ತಲೆಯಾಡಿಸುತ್ತಾರೆ, "ಒಳ್ಳೇದು, ಒಳ್ಳೇದು" ಎನ್ನುತ್ತಾರೆ, ಕೊನೆಗೆ ಬಂದು ನಿಲ್ಲುವುದು ಅಲ್ಲಿಗೇ: "ಹಾಗಾದ್ರೆ ನಮ್ಮ ಕಾರ್ಯಕ್ರಮದ ಸ್ವಾಗತ ನೀವೇ ಮಾಡಿ. ಅದರಲ್ಲೇ ಮಾಡಿ, ಆ ಟಕಟಕದಲ್ಲಿ."

ಟಕಟಕವಂತೆ! ಹೊಲಿಗೆ ಯಂತ್ರಕ್ಕೂ ತನಗೂ ಇವರಿಗೆ ವ್ಯತ್ಯಾಸವೇ ಕಾಣುವುದಿಲ್ಲವಲ್ಲ ಎಂದು ಪ್ರೀತಿಕಾ ಹಲ್ಲು ಕಚ್ಚುತ್ತಾಳೆ.

ಬೇರೆಯವರನ್ನು ಬಯ್ದು ಏನು ಪ್ರಯೋಜನ, ಮನೆಯಲ್ಲೇ ಇದ್ದಾರಲ್ಲ ಅಪ್ಪ ತ್ಯಾಂಪಣ್ಣ ರೈ. ಅವರು ಒಂದು ಕಾಲದಲ್ಲಿ ಈ ಸುತ್ತಿನ ಹೆಸರಾಂತ ಅನೌನ್ಸರ್. ತಲೆಯ ಮೇಲೆ ಎರಡು ಕೊಳವೆ ಮೈಕು ಕಟ್ಟಿದ ಜೀಪಿನ ಎದುರು ಸೀಟಿನಲ್ಲಿ ಕೂತು, ಅರಂತೋಡಿನಿಂದ ಈಶ್ವರಮಂಗಲದ ತನಕ ಕಬಡ್ಡಿ ಪಂದ್ಯಾಟ, ಯಕ್ಷಗಾನ ಬಯಲಾಟ, ಕಣ್ಣು ತಪಾಸಣೆ ಶಿಬಿರ, ಎಲ್ಲವನ್ನೂ ಒಂದೇ ಉತ್ಸಾಹದಲ್ಲಿ ಸಾರಿದವರು. ಆಮೇಲೆ ಮಂಗಳೂರಿನಲ್ಲಿ ರೆಕಾರ್ಡ್ ಮಾಡಿಸಿದ ಯಾರದೋ ನುಣುಪು ದನಿ ಆಟೋಗಳಲ್ಲಿ ತಿರುಗತೊಡಗಿತು, ತ್ಯಾಂಪಣ್ಣರ ಜೀಪು ನಿಂತಿತು. ಜೀಪು ನಿಂತರೂ ಮೈಕಿನ ಆಸೆ ನಿಲ್ಲಲಿಲ್ಲ. ಊರಿನ ಎಲ್ಲ ಸಂಘಗಳ ಹತ್ತಿರ ಅವರ ಫೋನ್ ನಂಬರ್ ಇದ್ದೇ ಇತ್ತು. ಹಾಗಾಗಿ ಪ್ರೀತಿಕಾಗೆ ಬರಬೇಕಾದ ಕರೆಯೆಲ್ಲ ಅವರಿಗೆ ಬರುತ್ತದೆ, ಅವಳು ಶಾಲೆಯಿಂದ ಬರುವ ಮೊದಲೇ ಅವರು ಒಪ್ಪಿಕೊಂಡು ಮುಗಿಸಿರುತ್ತಾರೆ.

"ನಾಲ್ಕು ಜನರ ಹೆಸರು ಹೇಳಿದ್ರೆ ನಿನ್ನ ಗಂಟು ಎಂತ ಹೋಗ್ತದೆ?" ಎಂದು ಮೇಲಿಂದ ಕೇಳುತ್ತಾರೆ.

ಗಂಟು ಹೋಗುವುದಿಲ್ಲ, ಉಸಿರು ಹೋಗುತ್ತದೆ. ಉಸಿರೇ ಅವಳ ಬಂಡವಾಳ. ಹೈಸ್ಕೂಲಿನಲ್ಲಿ ಅವಳು ಕಬಡ್ಡಿ ರೈಡರ್. ಎದುರಾಳಿಗಳ ಅಂಗಳಕ್ಕೆ ಹೋದವಳು ಮುಟ್ಟಿ ಮರಳಿ ಗೆರೆ ಸೇರುವ ತನಕ ಉಸಿರು ಬಿಡದೆ ಕಬಡ್ಡಿ, ಕಬಡ್ಡಿ ಎನ್ನುತ್ತಲೇ ಇರಬೇಕು. ದಮ್ಮು ಕಡಿದರೆ ಔಟ್. ಉಳಿದ ಹುಡುಗಿಯರು ಎದೆ ತುಂಬ ಗಾಳಿ ಎಳೆದುಕೊಂಡು ಹೋಗಿ ಅರ್ಧದಲ್ಲೇ ಬುಸ್ ಎನ್ನುತ್ತಿದ್ದರು. ಪ್ರೀತಿಕಾ ಹೊಟ್ಟೆಯಿಂದ ಎಳೆದು, ಒಂದೊಂದು 'ಡ್ಡಿ'ಗೂ ಚಿಟಿಕೆಯಷ್ಟೇ ಖರ್ಚು ಮಾಡುತ್ತ, ಕಾಲು ಹಿಡಿದು ಎಳೆದರೂ ಮಣ್ಣಲ್ಲಿ ಬಿದ್ದುಕೊಂಡೇ ಜಪ ಮುಂದುವರಿಸಿ, ಬೆರಳ ತುದಿಯಿಂದ ಗೆರೆ ಮುಟ್ಟುತ್ತಿದ್ದಳು. ಕಾಲೇಜಿಗೆ ಬಂದ ಮೇಲೆ ಗೆಳತಿ ಸುಪ್ರಿತಾಳ ಫೋನಿನಲ್ಲಿ ಮೊದಲ ಸಲ ರ‍್ಯಾಪ್ ಕೇಳಿದಾಗ ಭಾಷೆ ಒಂದಕ್ಷರ ತಿಳಿಯಲಿಲ್ಲ. ಆದರೆ ಆ ಮನುಷ್ಯ ಎಲ್ಲಿ ಉಸಿರು ಕದಿಯುತ್ತಿದ್ದಾನೆ ಎಂಬುದು ತಟ್ಟನೆ ತಿಳಿಯಿತು. ಇವನೂ ರೈಡರ್ರೇ ಎಂದುಕೊಂಡಳು.

ಅಂದಿನಿಂದ ಹಿಡಿದ ಹುಚ್ಚು. ಬೆಳ್ಳಾರೆಯಿಂದ ಪುತ್ತೂರಿಗೆ ಬಸ್ಸಿನಲ್ಲಿ ನಿಂತೇ ಹೋಗುವಾಗ ಕಂಬಿಯ ಮೇಲೆ ಬೆರಳಲ್ಲಿ ನಾಲ್ಕರ ತಾಳ ಹಾಕುತ್ತ, ತುಟಿ ಅಲ್ಲಾಡಿಸುತ್ತ, ಪಕ್ಕದವರಿಂದ ಅನುಮಾನದ ನೋಟ ಗಿಟ್ಟಿಸುತ್ತ ಕಲಿತಳು. ಪೆಟ್ಟಿನ ಮೇಲೆ ಮಾತು ಬೀಳಬೇಕು, ಬೇಕೆಂದೇ ಕೆಲವೊಮ್ಮೆ ಪೆಟ್ಟು ತಪ್ಪಿಸಿ ಹಿಂದೆ ಬೀಳಬೇಕು, ಅದೇ ಜಾಗದಲ್ಲಿ ಒಮ್ಮೊಮ್ಮೆ ಎರಡರಷ್ಟು ಅಕ್ಷರ ತುರುಕಬೇಕು, ಆದರೂ ಒಂದೊಂದು ಅಕ್ಷರವೂ ಕೇಳಬೇಕು. ಕನ್ನಡದಲ್ಲಿ ಬೇರೆಯೇ ಒಂದು ತಲೆನೋವು. ಪ್ರತಿ ವಾಕ್ಯದ ಬಾಲದಲ್ಲೂ 'ತ್ತೇನೆ', 'ತ್ತೇನೆ' ಎಂದು ಬರುತ್ತದೆ, ಅದನ್ನೇ ಪ್ರಾಸ ಎಂದು ತಿಳಿದು ಬೀಗುವ ಹುಡುಗರು ಊರು ತುಂಬ ಇದ್ದಾರೆ. ಬಾಲಕ್ಕೆ ಬಾಲ ಗಂಟು ಹಾಕುವುದಕ್ಕೆ ದಮ್ಮು ಬೇಡ, ಬುದ್ಧಿಯೂ ಬೇಡ ಎಂದು ಅವಳು ಮುಲಾಜಿಲ್ಲದೆ ಹೇಳುತ್ತಾಳೆ. ಮಾತಿನ ಹೊಟ್ಟೆಯೊಳಗಿನ ಒತ್ತಕ್ಷರಗಳು ಒಂದಕ್ಕೊಂದು ತಾಗಿ ಸದ್ದು ಮಾಡಬೇಕು, ಅದು ಪ್ರಾಸ. ಹೀಗೆ ಹೇಳಿ ಅವಳು ಗಳಿಸಿದ್ದು ಜಂಭದ ಹೆಣ್ಣು ಎಂಬ ಬಿರುದು.

ಒಂದು ದಿನ, ಅಪ್ಪನಿಗೆ ಇದರ ಬೆಲೆ ತಿಳಿಯಲಿ ಎಂದು, ಈ ವಿದ್ಯೆ ಹುಟ್ಟಿದ ಕತೆಯನ್ನೂ ಹೇಳಿದಳು. ಅದು ಅವಳು ಮಾಡಿಕೊಂಡ ದೊಡ್ಡ ಎಡವಟ್ಟು. ಪಶ್ಚಿಮ ಆಫ್ರಿಕಾದಲ್ಲಿ ಮನೆತನಗಳ ಹೆಸರನ್ನು ತಲೆತಲಾಂತರದಿಂದ ನೆನಪಿಟ್ಟು, ತಂತಿವಾದ್ಯ ನುಡಿಸಿ ಹೊಗಳುವ ಜನರಿದ್ದರು. ಜಮೈಕಾದಲ್ಲಿ ದೊಡ್ಡ ದೊಡ್ಡ ಸ್ಪೀಕರುಗಳನ್ನು ಲಾರಿಗೆ ಹೇರಿ, ಊರೂರಿಗೆ ಹೋಗಿ, ಗ್ರಾಮಫೋನ್ ಪ್ಲೇಟಿನ ಹಾಡಿನ ಮೇಲೆ ಮೈಕಿನಲ್ಲಿ ಮಾತು ಹೊಸೆಯುತ್ತಿದ್ದರು. ಅಲ್ಲಿಂದ ವಲಸೆ ಬಂದವರೂ ಸೇರಿ ನ್ಯೂಯಾರ್ಕಿನ ಬ್ರಾಂಕ್ಸ್ ಎಂಬಲ್ಲಿನ ಬಡವರ ಕೇರಿಗಳಲ್ಲಿ, ಎಪ್ಪತ್ತರ ದಶಕದಲ್ಲಿ, ಹಾಡಿನ ನಡುವಿನ ಬರೀ ಡ್ರಮ್ಮಿನ ತುಂಡನ್ನು ಎರಡು ಪ್ಲೇಟಿನಲ್ಲಿ ತಿರುತಿರುಗಿಸಿ ಉದ್ದ ಮಾಡಿದರು. ಆ ಡ್ರಮ್ಮಿನ ಮೇಲೆ ಮೈಕು ಹಿಡಿದವನ ಮೊದಲ ಕೆಲಸ ಏನೆಂದರೆ, ಕುಣಿಯಲು ಬಂದವರ ಹೆಸರು ಕೂಗುವುದು. ಇಂಥವರು ಬಂದಿದ್ದಾರೆ, ಇಂಥ ಬೀದಿಯವರು ಬಂದಿದ್ದಾರೆ ಎಂದು. ಆ ಕೂಗೇ ಬೆಳೆಯುತ್ತ ಪದ್ಯವಾಯಿತು, ಕೊನೆಗೆ ಹೇಳುವವನು ತನ್ನ ಹೆಸರನ್ನೂ ಅದರಲ್ಲಿ ಸೇರಿಸಿದ.

ತ್ಯಾಂಪಣ್ಣ ಕಣ್ಣರಳಿಸಿ ಕೇಳಿದರು. ಕೇಳಿ, ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ, "ಲಾರಿಯಲ್ಲಿ ಮೈಕು, ಬಂದವರ ಹೆಸರು ಕೂಗುದು... ಹಾಗಾದ್ರೆ ಇದು ನಮ್ಮದೇ ಕೆಲಸ ಅಲ್ವಾ ಮಾರಾಯ್ತಿ? ಸ್ವಾಗತವೇ ಅಲ್ವಾ? ಮತ್ತೆ ನಿನ್ನದು ಎಂತ ಇಷ್ಟು ಗೌಜಿ?" ಎಂದರು.

ಪ್ರೀತಿಕಾಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅಡುಗೆಮನೆಯಿಂದ ಅಮ್ಮ ಸುಂದರಿ, "ಇಷ್ಟು ದಿನ ಅವಳು ಯಾರಿಗೋ ಬಯ್ಯುದು ಅಂತ ನಾನು ತಿಳ್ಕೊಂಡಿದ್ದೆ" ಎಂದು ತಮ್ಮ ಪಾಲನ್ನೂ ಸೇರಿಸಿದರು.

ಈ ಸೀಮೆಯ ಸ್ವಾಗತವೆಂದರೆ ಸಾಮಾನ್ಯದ ಸಂಗತಿಯಲ್ಲ. ಸಭೆಯಲ್ಲಿ ಊಟ ತಡವಾದರೆ ಕ್ಷಮೆಯಿದೆ, ಭಾಷಣ ಕೆಟ್ಟದಾದರೂ ಕ್ಷಮೆಯಿದೆ, ಸ್ವಾಗತದಲ್ಲಿ ಒಂದು ಹೆಸರು ಬಿಟ್ಟುಹೋದರೆ ಮಾತ್ರ ಇಲ್ಲ. ಅದನ್ನು ಮೊಮ್ಮಕ್ಕಳ ಮದುವೆಯ ತನಕ ಎತ್ತಿ ಆಡುತ್ತಾರೆ. ಹೆಸರು ಬಂದವರು ಎದ್ದು ನಿಲ್ಲಬೇಕು, ಸಭೆಗೆ ಕೈ ಮುಗಿಯಬೇಕು, ಹೂ ತೆಗೆದುಕೊಳ್ಳಬೇಕು. ಅವರಿಗೆ ಬರಲು ಪುರುಸೊತ್ತಿಲ್ಲದಿದ್ದರೆ ಅವರ ಪರವಾಗಿ ಮನೆಯವರೊಬ್ಬರು ಎದ್ದು ನಿಲ್ಲಬೇಕು, ಹೆಸರು ಖಾಲಿ ಬೀಳಬಾರದು. ಇಂಥ ಸ್ವಾಗತವನ್ನು ತಾಳಕ್ಕೆ ಕೂರಿಸಿ, ಮಾಜಿ ಹಾಲಿ ಎಲ್ಲರ ಹೆಸರನ್ನೂ ಉಸಿರು ತಪ್ಪದೆ ಹೇಳುವವಳು ಸಿಕ್ಕಿದರೆ ಬಿಡುತ್ತಾರೆಯೇ? ಮೊದಲ ಸಲ ಅವಳು ತಮಾಷೆಗೆ ಒಪ್ಪಿದ್ದಳು. ಜನ ಚಪ್ಪಾಳೆ ತಟ್ಟಿದರು. ಅಲ್ಲಿಂದ ಅವಳ ಹಣೆಗೆ ಸ್ವಾಗತದ ಚೀಟಿ ಅಂಟಿತು.

ಅವಳದೇ ಒಂದು ಪದ್ಯವಿತ್ತು. ಹೆಸರು 'ದಮ್ಮು'. ಒಬ್ಬ ಹುಡುಗಿ ಕಬಡ್ಡಿ ಅಂಗಳದಲ್ಲಿ, ಬಸ್ಸಿನಲ್ಲಿ, ಶಾಲೆಯಲ್ಲಿ, ಎಲ್ಲೆಲ್ಲಿ ಉಸಿರು ಕಟ್ಟಿ ದಾಟಿ ಬಂದಳು ಎಂಬುದೇ ಅದು. ಕೊನೆಯ ಭಾಗವನ್ನಂತೂ ಒಂದೇ ಉಸಿರಿನಲ್ಲಿ ಹೇಳಬೇಕು, ರೈಡಿನ ಹಾಗೆ, ಅದರ ತುದಿಗೆ ಅವಳ ಹೆಸರು. ವರ್ಷಗಟ್ಟಲೆ ತಿದ್ದಿ ತೀಡಿದ ಆ ಪದ್ಯವನ್ನು ಒಂದೇ ಒಂದು ವೇದಿಕೆಯಲ್ಲಿ ಪೂರ್ತಿ ಹೇಳಲು ಆಗಿರಲಿಲ್ಲ. "ಸ್ವಾಗತ ಮಾಡಿ, ಪದ್ಯ ಆಮೇಲೆ ನೋಡುವ" ಎನ್ನುತ್ತಿದ್ದರು. ಆಮೇಲೆ ಸನ್ಮಾನ ಉದ್ದವಾಯಿತು, ಆಮೇಲೆ ಮಂತ್ರಿಗಳಿಗೆ ಬೇರೆ ಕಾರ್ಯಕ್ರಮವಿತ್ತು, ಆಮೇಲೆ ನಾಟಕದವರು ಬಣ್ಣ ಹಚ್ಚಿ ಕಾಯುತ್ತಿದ್ದರು. ನೆಲ್ಯಾಡಿಯಲ್ಲಿ ಒಮ್ಮೆ ಎರಡು ಸಾಲು ಹೇಳಿದ್ದಳು, ಅಷ್ಟರಲ್ಲಿ ಪಾಯಸ ಬಂತೆಂದು ಸಭೆಗೆ ಸಭೆಯೇ ಎದ್ದು ಹೋಯಿತು.

ಹಾಗಾಗಿ ಈಶ್ವರಮಂಗಲದ ಗೆಳೆಯರ ಬಳಗದ ಬೆಳ್ಳಿಹಬ್ಬಕ್ಕೂ ಅಪ್ಪ ಒಪ್ಪಿಕೊಂಡು ಕೂತಾಗ ಪ್ರೀತಿಕಾ ಕೂಗಾಡಲಿಲ್ಲ. ಅದು ಅಪ್ಪನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಇದೇ ಕೊನೆ, ಅಪ್ಪ. ಈ ಸಲವೂ ನನ್ನ ಪದ್ಯ ಹೇಳ್ಲಿಕ್ಕೆ ಬಿಡದಿದ್ರೆ ನಾನು ಇನ್ನು ಮೈಕು ಮುಟ್ಟುದಿಲ್ಲ. ಪದ್ಯವೂ ಬೇಡ, ನಿಮ್ಮ ಸ್ವಾಗತವೂ ಬೇಡ. ಪೀಪಿ ಊದಿಕೊಂಡು ಶಾಲೆಯಲ್ಲಿ ಇರ್ತೇನೆ."

"ಬಿಡ್ತಾರೆ, ಬಿಡ್ತಾರೆ. ನಾನು ಹೇಳಿದ್ದೇನೆ" ಎಂದರು ತ್ಯಾಂಪಣ್ಣ. ಅವರು ಪ್ರತಿ ಸಲವೂ ಹೇಳಿರುತ್ತಾರೆ.

ಭಾನುವಾರ ಮಧ್ಯಾಹ್ನದ ಮೇಲೆ ಅಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದಳು. ಅವರು ದಾರಿಯುದ್ದಕ್ಕೂ ಹೆಸರುಗಳನ್ನು ಹೇಗೆ ಎತ್ತಬೇಕು, 'ಮಾನ್ಯ' ಎಲ್ಲಿ, 'ಶ್ರೀಯುತ' ಎಲ್ಲಿ ಎಂದು ಕಿವಿಯಲ್ಲಿ ಪಾಠ ಮಾಡಿದರು. ಅವಳು ಬೇಕೆಂದೇ ಹೊಂಡಗಳನ್ನು ತಪ್ಪಿಸಲಿಲ್ಲ.

ಶಾಮಿಯಾನದ ಬದಿಯಲ್ಲೇ ಬಳಗದ ಕಾರ್ಯದರ್ಶಿ ಚಿನ್ಮಯ ಎದುರಾದ. ಅವನ ಮುಖ ನೋಡಿದೊಡನೆ ಅವಳಿಗೆ ತಿಳಿಯಿತು.

"ಮೇಡಂ, ಒಂದು ವಿಷಯ. ಅತಿಥಿಗಳು ಬಂದದ್ದೇ ಲೇಟು. ಟೈಮೇ ಇಲ್ಲ. ನೀವು ಸ್ವಾಗತ ಮಾತ್ರ ಮಾಡಿ ಬಿಡಿ. ಪದ್ಯ ಸನ್ಮಾನ ಆದ ಮೇಲೆ ನೋಡುವ."

"ನೋಡುವ ಅಂದ್ರೆ ಎಂತ ಚಿನ್ಮಯ? ಯಾರು ನೋಡುದು? ಎಷ್ಟು ವರ್ಷ ನೋಡುದು?"

"ಬೇಜಾರು ಮಾಡ್ಬೇಡಿ ಮಾರಾಯ್ರೆ. ನಮ್ಮ ಅಧ್ಯಕ್ಷರದ್ದು ಗೊತ್ತುಂಟಲ್ಲ, ಸ್ವಾಗತ ಸರಿ ಆಗ್ಬೇಕು, ಉಳಿದದ್ದು ಹೇಗಾದ್ರೂ ಆಗ್ಲಿ."

ಪ್ರೀತಿಕಾ ಬಾಯಿ ತೆರೆದವಳು ತಿರುಗಿ ನೋಡಿದಳು. ವೇದಿಕೆಯ ಮೇಲೆ ಐದು ಮಂದಿ ಕೂತಿದ್ದರು. ನಡುವೆ ಅಧ್ಯಕ್ಷ ಮಹಾಗಣಪತಿ ಭಟ್ಟರು, ಇಸ್ತ್ರಿಯ ಗೆರೆ ಮುರಿಯದಂತೆ ನೆಟ್ಟಗೆ. ಐದೂ ಜನ ಕಾಯುತ್ತಿದ್ದುದು ಸಭೆಯನ್ನಲ್ಲ, ತಂತಮ್ಮ ಹೆಸರನ್ನು. ತನ್ನ ಹೆಸರು ಬರುವ ಮೊದಲು ಸ್ವಾಗತವನ್ನು ನಿಲ್ಲಿಸಿದ ಗಂಡಸು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಇಷ್ಟು ವರ್ಷ ಇದನ್ನು ಕಣ್ಣಾರೆ ಕಂಡೂ ತನ್ನ ಮಂಡೆಗೆ ಹೋಗಲಿಲ್ಲವಲ್ಲ ಎಂದು ಅವಳಿಗೆ ಈಗ ತನ್ನ ಮೇಲೆಯೇ ಸಿಟ್ಟು ಬಂತು.

"ಸ್ವಾಗತ ತಾನೆ? ಮಾಡ್ತೇನೆ" ಎಂದಳು. ಮೈಕ್‌ಸೆಟ್‌ನ ಸೂರಜ್‌ನ ಹತ್ತಿರ ಹೋಗಿ ತನ್ನ ಫೋನು ಕೊಟ್ಟು, 'ದಮ್ಮು'ವಿನ ತಾಳವನ್ನೇ ಹಾಕಲು ಹೇಳಿದಳು.

ತಾಳ ಶುರುವಾಯಿತು. ತ್ಯಾಂಪಣ್ಣ ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೈ ಕಟ್ಟಿ ಕೂತರು. ಪ್ರೀತಿಕಾ "ಸ್ವಾಗತ, ಸುಸ್ವಾಗತ" ಎಂದು ಎರಡು ಸಲ ತಾಳದ ಮೇಲೆ ಬಡಿದು, ಸಭೆ ನೆಟ್ಟಗಾದೊಡನೆ ತನ್ನ ದಾರಿ ಹಿಡಿದಳು.

"ಗುಡ್ಡೆ ಹತ್ತುವ ಬಸ್ಸಲ್ಲಿ ನಿಂತೆ,
ಅಡ್ಡ ಕಂಬಿಗೆ ಕೈಯ ಕೊಟ್ಟೆ,
ದಡ್ಡಿ ಅಂದರು, ಗಿಡ್ಡಿ ಅಂದರು,
ಕಬಡ್ಡಿ ಅಂತ ಒಳಗೇ ಅಂದೆ!"

ವೇದಿಕೆಯಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಚಿನ್ಮಯ ಮೆಟ್ಟಿಲ ಹತ್ತಿರ ಓಡಿ ಬಂದ. ಅಷ್ಟರಲ್ಲಿ ಅವಳು, "ಕಡಬದಿಂದ ಬಂದವರು, ರಬ್ಬರ್ ತೋಟದ ಯಜಮಾನರು, ಶ್ರೀಯುತ ಔತ ಅವರಿಗೆ!" ಎಂದಳು. ಔತ ಎದ್ದರು, ಕೈ ಮುಗಿದರು, ಹೂ ತೆಗೆದುಕೊಂಡರು. ಉಳಿದ ನಾಲ್ವರೂ ಸರಿಯಾಗಿ ಕೂತರು. ಚಿನ್ಮಯ ತಾಳ ನಿಲ್ಲಿಸೆಂದು ಸೂರಜ್‌ಗೆ ಕೈ ಮಾಡಿದರೆ, ವೇದಿಕೆಯಿಂದ ಸಾಹುಲ್ ಹಮೀದ್ ಎಂಬ ಉದ್ಯಮಿಗಳು ಚಿನ್ಮಯನನ್ನೇ ಗದರುವಂತೆ ನೋಡಿದರು. ಅವರ ಹೆಸರು ಇನ್ನೂ ಬಂದಿರಲಿಲ್ಲ.

ಮತ್ತೆ ಪದ್ಯ. ಮಣ್ಣಲ್ಲಿ ಬಿದ್ದ ಮೊಣಕಾಲು, ಕಾಲು ಹಿಡಿದ ಏಳು ಜನ, ಚಡ್ಡಿ ಹಾಕಿ ಆಡುತ್ತಾಳೆಂದು ಮೂಗು ಮುರಿದ ನೆರೆಮನೆ, ಎಲ್ಲ ಬಂದವು. ನಡುನಡುವೆ ಒಂದೊಂದು ಹೆಸರು ಬಿಸಾಡುತ್ತ ಹೋದಳು. ಹೆಸರು ಸಿಕ್ಕಿದವರು ತೃಪ್ತಿಯಿಂದ ಕೂತರು, ಸಿಗದವರು ತುಟಿ ಬಿಗಿದು ಕಾದರು. ಇಷ್ಟು ಏಕಾಗ್ರತೆಯಿಂದ ಅವಳ ಪದ್ಯವನ್ನು ಯಾರೂ ಯಾವತ್ತೂ ಕೇಳಿರಲಿಲ್ಲ.

ಕೊನೆಗೆ ಉಳಿದದ್ದು ಮಹಾಗಣಪತಿ ಭಟ್ಟರೊಬ್ಬರೇ. ಅಧ್ಯಕ್ಷರ ಹೆಸರು ಕೊನೆಗೆ ಬರುವುದೇ ಕ್ರಮ, ಆ ಕ್ರಮವೇ ಅವಳನ್ನು ಕಾಪಾಡುತ್ತಿತ್ತು. ಪದ್ಯ ಪೂರ್ತಿ ಮುಗಿಸಿ, ಉಸಿರೆಳೆದುಕೊಂಡು, ಆಮೇಲೆ ಅವರ ಹೆಸರು ಹೇಳುವುದು ಅವಳ ಲೆಕ್ಕ. ಹೊಟ್ಟೆ ತುಂಬ ಗಾಳಿ ತೆಗೆದುಕೊಂಡು ಕೊನೆಯ ಉದ್ದದ ಭಾಗಕ್ಕೆ ಇಳಿದಳು. ತಾಳ ಅದೇ, ಮಾತು ಮಾತ್ರ ಎರಡರಷ್ಟು. ಬಾಯಿ ಒಣಗಿತು, ಪಕ್ಕೆ ಹಿಡಿಯಿತು, ಆದರೂ ಒಂದಕ್ಷರ ಉದುರಲಿಲ್ಲ. ಗೆರೆ ಕಾಣತೊಡಗಿತು. ಇನ್ನೊಂದೇ ಸಾಲು.

"ಸೊಂಟ ಹಿಡಿದರು, ಜಡೆಯ ಹಿಡಿದರು, ಉಸಿರು ಹಿಡಿಯುವರಾರು?
ಗೆರೆಯ ಮುಟ್ಟಿ ಬಂದವರು ಯಾರು, ಹೇಳಿ, ಬಂದವರು ಯಾರು?"

ಇದಕ್ಕೆ ಉತ್ತರ, "ಬೆಳ್ಳಾರೆಯ ಪ್ರೀತಿಕಾ!" ಎಷ್ಟೋ ವರ್ಷದಿಂದ ಅಲ್ಲಿ ಕೂತಿದ್ದ ಉತ್ತರ.

ಆದರೆ ಮಹಾಗಣಪತಿ ಭಟ್ಟರಿಗೆ ಅದು ಹೇಗೆ ಗೊತ್ತಾಗಬೇಕು? "ಬಂದವರು ಯಾರು" ಎಂದು ಕೇಳಿದೊಡನೆ, ಉಳಿದಿರುವವನು ತಾನೊಬ್ಬನೇ ಎಂದು ಆ ಮಹಾನುಭಾವರು ಎದ್ದೇ ಬಿಟ್ಟರು. ಎದ್ದು, ಶಾಲು ಸರಿಮಾಡಿ, ಸಭೆಗೆ ಕೈ ಮುಗಿದು, ಮುಗುಳ್ನಗುತ್ತ ನಿಂತರು.

ಪ್ರೀತಿಕಾಗೆ ಉಳಿದಿದ್ದುದು ಒಂದು ಗುಟುಕು ಉಸಿರು, ಒಂದು ಹೆಸರಿಗೆ ಸಾಲುವಷ್ಟು. ಎದುರಿಗೆ ಒಬ್ಬ ಮನುಷ್ಯ ಕೈ ಮುಗಿದು ನಿಂತಿದ್ದಾನೆ. ಬೇರೆ ಯಾರಾದರೂ ಆಗಿದ್ದರೆ ನಿಲ್ಲಲಿ ಬಿಡು ಎನ್ನುತ್ತಿದ್ದರೇನೋ. ಅವಳು ಅನೌನ್ಸರ್ ತ್ಯಾಂಪಣ್ಣನ ಮಗಳು. ಎದ್ದು ನಿಂತವನನ್ನು ಹೆಸರಿಲ್ಲದೆ ನಿಲ್ಲಿಸಲು ಅವಳ ನಾಲಿಗೆ ಒಪ್ಪಲಿಲ್ಲ. ತನ್ನ ಹೆಸರಿನ ಜಾಗದಲ್ಲಿ, ಅಷ್ಟೇ ತಾಳದೊಳಗೆ, ಆ ಉದ್ದದ ಹೆಸರನ್ನು ತುರುಕಿ, "ಅಧ್ಯಕ್ಷ ಮಹಾಗಣಪತಿ ಭಟ್ರು!" ಎಂದಳು. ತಾಳ ನಿಂತಿತು. ಏಳು ಜನರ ಕೈ ತಪ್ಪಿಸಿ, ಮಣ್ಣಲ್ಲಿ ಹೊರಳಿ, ಗೆರೆ ಮುಟ್ಟಿ ಬಂದ ಕೀರ್ತಿಯನ್ನು ಭಟ್ಟರು ಹೂವಿನ ಜೊತೆಗೆ ಸ್ವೀಕರಿಸಿದರು. ಚಪ್ಪಾಳೆಯೋ ಚಪ್ಪಾಳೆ.

ಅದೇ ಹೊತ್ತಿಗೆ ಕೊನೆಯ ಸಾಲಿನಲ್ಲಿ ತ್ಯಾಂಪಣ್ಣ ಕೂಡ ಎದ್ದು ನಿಂತಿದ್ದು ಅವಳಿಗೆ ಕಾಣಿಸಿತು. ಹಿಂದೆ ಯಾರೂ ಇಲ್ಲ, ಮುಂದೆ ಇದ್ದವರು ತಿರುಗಿ ನೋಡುತ್ತಿದ್ದಾರೆ, ಇವರು ಗಂಭೀರವಾಗಿ ಕೈ ಮುಗಿದು ನಿಂತಿದ್ದಾರೆ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಈ ಅಪ್ಪ ಒಬ್ಬರು, ಕುಳಿತಲ್ಲಿ ಕೂರಲಿಕ್ಕಿಲ್ಲ!

ವೇದಿಕೆಯಿಂದ ಇಳಿದವಳಿಗೆ ಮೊದಲು ಸಿಕ್ಕಿದ್ದು ಚಿನ್ಮಯ. "ಎಂತ ಸ್ವಾಗತ ಮೇಡಂ! ಸ್ವಲ್ಪ ಉದ್ದ ಆಯ್ತು, ಆದ್ರೆ ಸೂಪರ್!" ಸಾಹುಲ್ ಹಮೀದರು, "ಇಂಥ ಸ್ವಾಗತ ನಾನು ಗಲ್ಫಿನಲ್ಲೂ ನೋಡ್ಲಿಲ್ಲ" ಎಂದರು. ಭಟ್ಟರು ತಮ್ಮ ಬಗ್ಗೆ ಇಷ್ಟೆಲ್ಲ ಬರೆದದ್ದಕ್ಕೆ ಕೃತಜ್ಞತೆ ಹೇಳಿದರು. ಪದ್ಯವೊಂದು ಅಲ್ಲಿ ಆಗಿಹೋಯಿತು ಎಂದು ಒಬ್ಬನೇ ಒಬ್ಬನಿಗೂ ಹೊಳೆದಿರಲಿಲ್ಲ. ಪೂರ್ತಿ ಹೇಳಿದೆನೆಂದು ಖುಷಿಪಡಬೇಕೋ, ಹೇಳಿಯೂ ಹೇಳದ ಹಾಗಾಯಿತೆಂದು ಅಳಬೇಕೋ ಅವಳಿಗೆ ತಿಳಿಯಲಿಲ್ಲ. ತನ್ನ ಹೆಸರನ್ನು ತಾನೇ ನುಂಗಿದ್ದಂತೂ ಅರಗಲಿಲ್ಲ.

ಸ್ಕೂಟರಿನ ಹತ್ತಿರ ಹೋದಾಗ ಅರಂತೋಡಿನ ಸಂಘವೊಂದರವರು ಅಪ್ಪನನ್ನು ಸುತ್ತಿಕೊಂಡಿದ್ದರು. ತಮ್ಮ ವಾರ್ಷಿಕೋತ್ಸವಕ್ಕೂ ಇದೇ ಸ್ವಾಗತ ಬೇಕು, ಹೆಸರು ಮಾತ್ರ ಬದಲಾಯಿಸಿದರಾಯಿತು ಎನ್ನುತ್ತಿದ್ದರು. ಪ್ರೀತಿಕಾ ಕಣ್ಣು ಮುಚ್ಚಿಕೊಂಡು "ಆಯ್ತು, ಬರ್ತಾಳೆ" ಎಂಬ ಮಾತಿಗೆ ಕಾದಳು.

"ಅವಳದ್ದು ಪದ್ಯ ಉಂಟು. ಪದ್ಯ ಆದ್ರೆ ಬರ್ತಾಳೆ" ಎಂದರು ತ್ಯಾಂಪಣ್ಣ. "ಸ್ವಾಗತಕ್ಕೆ ಜನ ಬೇಕಾದ್ರೆ ನಾನೇ ಬರ್ತೇನೆ. ನನಗೆ ಎಂತ, ಪುರುಸೊತ್ತೇ."

ಮೈಕು ಹಿಡಿಯಲು ಇವರು ಹುಡುಕುತ್ತಿದ್ದ ದಾರಿ ಇದೇ ಇರಬೇಕು ಎಂದು ಅವಳಿಗೆ ನಗುವೂ ಸಿಟ್ಟೂ ಒಟ್ಟಿಗೇ ಬಂದವು. ಸಿಟ್ಟನ್ನೇ ಮುಂದೆ ಮಾಡಿ ಸ್ಕೂಟರ್ ತಿರುಗಿಸಿದಳು.

"ಅದಿರಲಿ. ನಿಮ್ಮ ಹೆಸರು ನಾನು ಹೇಳ್ಲೇ ಇಲ್ಲ. ಆ ಭಟ್ರಿಗಾದ್ರೆ ಪದ್ಯ ಗೊತ್ತಿರ್ಲಿಲ್ಲ, ಎದ್ದ್ರು. ನೀವು ಎಂತಕ್ಕೆ ಎದ್ದು ನಿಂತದ್ದು, ಇಡೀ ಸಭೆ ತಿರುಗಿ ನೋಡುವ ಹಾಗೆ?"

ತ್ಯಾಂಪಣ್ಣ ಹಿಂದಿನ ಸೀಟಿಗೆ ಹತ್ತಿ, ಪಂಚೆ ಸರಿಮಾಡಿಕೊಂಡು, ಅವಳ ಭುಜ ಹಿಡಿದು ಕೂತರು. ದಿನಾ ಬೆಳಿಗ್ಗೆ ಅವಳು ಅಭ್ಯಾಸ ಮಾಡುವಾಗ ಕಿರಿಕಿರಿ ಎಂದು ಗೊಣಗಿ ಅಂಗಳಕ್ಕೆ ಹೋಗುತ್ತಿದ್ದವರು ಅವರೇ.

"ಆ ಜಾಗದಲ್ಲಿ ನಿನ್ನ ಹೆಸರು ಅಲ್ವಾ ಬರುದು" ಎಂದರು. "ನಿನಗೆ ಪುರುಸೊತ್ತಿರ್ಲಿಲ್ಲ. ಮನೆಯವರು ಒಬ್ಬರಾದ್ರೂ ಏಳ್ಬೇಕಲ್ಲ."